ಪಾಪ್ ಹಾಡೊಳಗೆ ಪಿಟೀಲುಗಳು ಹೇಗೆ ಬಂದ್ವು, ಯಾಕೆ ಹೋದ್ವು, ಈಗ ಯಾಕೆ ವಾಪಸ್ ಬರ್ತಿವೆ

ಬೀಟಲ್ಸ್‌ನ 'ಎಲೆನಾರ್ ರಿಗ್ಬಿ' ಹಾಡು ಕೇಳಿದೀರಲ್ವಾ, ಅದ್ರಲ್ಲಿ ಗಿಟಾರ್ ಎಲ್ಲಿದೆ, ಡ್ರಮ್ಸ್ ಎಲ್ಲಿದೆ ಹುಡುಕಿ ನೋಡಿ. ಎಲ್ಲೂ ಇಲ್ಲ. 1966ರಲ್ಲಿ ಪ್ರಪಂಚದಲ್ಲೇ ದೊಡ್ಡ ರಾಕ್ ಬ್ಯಾಂಡ್ ಆಗಿದ್ದ ಆ ನಾಲ್ಕು ಜನ ಈ ಹಾಡಲ್ಲಿ ಒಂದೇ ಒಂದು ವಾದ್ಯಾನೂ ಮುಟ್ಟಿಲ್ಲ, ಬರೀ ಹಾಡಿದಾರೆ ಅಷ್ಟೇ. ನುಡಿಸಿರೋರು ಬೇರೆ ಎಂಟು ಜನ, ನಾಲ್ಕು ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಿಯೋಲಾ ಎರಡು, ಇನ್ನೂ ದೊಡ್ಡದಾದ ಚೆಲ್ಲೊ ಎರಡು. ಅವ್ರು ಏನು ನುಡಿಸ್ಬೇಕು ಅಂತ ಒಂದೊಂದು ಸ್ವರಾನೂ ಕಾಗದದ ಮೇಲೆ ಬರ್ದವ್ರು ಅವರ ರೆಕಾರ್ಡ್ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್. ಹಾಡು ಕಟ್ಟಿದ್ದು ಬ್ಯಾಂಡಿನ ಪಾಲ್ ಮ್ಯಾಕ್‌ಕಾರ್ಟ್ನಿ, ನಿಜ. ಆದ್ರೆ ಆ ಹಾಡು ಅಂದ ತಕ್ಷಣ ನಮ್ಮ ಕಿವೀಲಿ ಬರೋ ಆ ಕಡಿದು ಕಡಿದು ಹಾಕಿದಂಥ ಪಿಟೀಲಿನ ಪೆಟ್ಟುಗಳು ಇವೆಯಲ್ಲ, ಅವು ಮಾರ್ಟಿನ್ ಅವರದ್ದು. ಹಿಚ್‌ಕಾಕ್ ಸಿನಿಮಾಗಳಿಗೆ ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ಅವರ ಪ್ರಭಾವ ಅದು ಅಂತ ಮಾರ್ಟಿನ್ ಅವರೇ ಹೇಳಿದಾರೆ.

ಈ ಲೇಖನ ಪೂರ್ತಿ ಒಂದೇ ಪ್ರಶ್ನೆ ಹಿಡ್ಕೊಂಡು ಹೋಗುತ್ತೆ, ಆ ಪಿಟೀಲಿನ ಭಾಗ ಬರ್ದವ್ರು ಯಾರು? ಆರ್ಕೆಸ್ಟ್ರಲ್ ಪಾಪ್ ಅಂತ ಕರೆಯೋ ಈ ಪ್ರಕಾರದ ಇತಿಹಾಸ ಹಾಡುಗಾರರ ಹೆಸರಲ್ಲಿ ಬರೆದಿದಾರೆ, ಅದನ್ನ ಅರೇಂಜರ್‌ಗಳ ಹೆಸರಲ್ಲಿ ಬರೆದ್ರೇನೇ ಅರ್ಥ ಆಗೋದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದ್ಲು ಅರೇಂಜರ್ ಏನ್ ಮಾಡ್ತಾರೆ ನೋಡೋಣ. ಹಾಡು ಬರೆಯೋರು ಸಾಮಾನ್ಯವಾಗಿ ಕೊಡೋದು ಒಂದು ರಾಗ, ಸಾಹಿತ್ಯ, ಕೆಳಗೆ ಕಾರ್ಡ್‌ಗಳು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪುಗಳು. ಗಿಟಾರಲ್ಲಿ ಒಂದು ಕಾರ್ಡ್ ಹಿಡಿದು ಎಳೆದ್ರೆ ಆರು ತಂತಿ ಒಟ್ಟಿಗೆ ಮಾತಾಡುತ್ತೆ, ಕೆಲಸ ಮುಗೀತು. ಪಿಟೀಲು ಹಾಗಲ್ಲ, ಅದು ಮುಖ್ಯವಾಗಿ ಒಂದು ಸಲಕ್ಕೆ ಒಂದು ಸ್ವರ ಹಾಡೋ ವಾದ್ಯ, ಹಾಗಾಗಿ ಮೂವತ್ತು ಜನ ಕೂತಿದಾರೆ ಅಂದ್ರೆ ಯಾರು ಯಾವ ಸ್ವರ, ಮಂದ್ರದಲ್ಲಾ ತಾರದಲ್ಲಾ, ಕಮಾನು ಉದ್ದಕ್ಕೆ ಎಳೀಬೇಕಾ ಅಥವಾ ಬೆರಳಲ್ಲಿ ಮೀಟಬೇಕಾ, ಹಾಡುವ ಗಂಟಲಿಗೆ ಅಡ್ಡ ಬರ್ದೆ ಎಲ್ಲಿ ನುಗ್ಬೇಕು, ಎಲ್ಲಿ ಬಾಯಿ ಮುಚ್ಕೊಂಡು ಕೂರ್ಬೇಕು, ಇಷ್ಟನ್ನೂ ಒಬ್ರು ಕೂತು ತೀರ್ಮಾನ ಮಾಡ್ಬೇಕು. ಇದ್ರಲ್ಲಿ ಎರಡು ಥರ ಇದೆ. ಒಂದು, ಹಾಡು ರೆಕಾರ್ಡ್ ಆಗಿ ಮುಗಿದ್ಮೇಲೆ ಸ್ವಲ್ಪ ಮೆತ್ತಗೆ ಕೇಳ್ಲಿ ಅಂತ ಸ್ಟ್ರಿಂಗ್ಸ್ (ಪಿಟೀಲು, ವಿಯೋಲಾ, ಚೆಲ್ಲೊ ಥರದ ತಂತಿ ವಾದ್ಯಗಳು) ಸೇರಿಸೋದು, ಅಡುಗೆ ಇಳಿಸಿದ್ಮೇಲೆ ಮೇಲೆ ಉದುರಿಸೋ ಕೊತ್ತಂಬರಿ ಸೊಪ್ಪಿನ ಹಾಗೆ, ಇದ್ರೂ ಆಯ್ತು ಇಲ್ದಿದ್ರೂ ಆಯ್ತು. ಇನ್ನೊಂದು, ಆ ಸ್ಟ್ರಿಂಗ್ಸ್ ತೆಗೆದ್ರೆ ಹಾಡೇ ನಿಲ್ಲಲ್ಲ ಅನ್ನೋ ಥರದ್ದು. ಎರಡನೇದನ್ನೇ ನಾನು ಆರ್ಕೆಸ್ಟ್ರಲ್ ಪಾಪ್ ಅಂತೀನಿ.

ಇದು ಶುರುವಾಗಿದ್ದು ಹೇಗೆ ಅಂತ ತಿಳ್ಕೊಳ್ಳೋಕೆ ಒಂದು ವಿಚಿತ್ರ ಗೊತ್ತಿರ್ಬೇಕು. ಅಮೆರಿಕದಲ್ಲಿ ಪಾಪ್ ಹಾಡು ಅಂದ್ರೆ ಮೊದಲು ಆರ್ಕೆಸ್ಟ್ರಾನೇ ಇದ್ದಿದ್ದು. ಫ್ರ್ಯಾಂಕ್ ಸಿನಾಟ್ರಾ 1953ರಿಂದ ಕ್ಯಾಪಿಟಲ್ ಕಂಪನಿಗೆ ಹಾಡಿದಾಗ ಹಿಂದೆ ಇದ್ದಿದ್ದು ನೆಲ್ಸನ್ ರಿಡಲ್ ಅವರ ಅರೇಂಜ್‌ಮೆಂಟ್, ತುಂಬಿದ ವಾದ್ಯವೃಂದ. ರಾಕ್ ಅಂಡ್ ರೋಲ್ ಬಂದು ಇವರನ್ನೆಲ್ಲ ಹೊರಗೆ ಕಳಿಸ್ತು. ಮೂರು ನಾಲ್ಕು ಹುಡುಗರು, ಒಂದು ಗಿಟಾರ್, ಒಂದು ಡ್ರಮ್ ಸೆಟ್ ಸಾಕು ಅಂತಾಯ್ತು, ಪಿಟೀಲು ಅಂದ್ರೆ ಅಪ್ಪ ಅಮ್ಮ ಕೇಳೋ ಹಾಡು ಅನ್ನಿಸಿಬಿಡ್ತು. ಹಾಗಾಗಿ ಆರ್ಕೆಸ್ಟ್ರಲ್ ಪಾಪ್‌ನ ಹುಟ್ಟು ಅಂದ್ರೆ ಹೊರಗೆ ಹಾಕಿದವರನ್ನ ಮತ್ತೆ ಮನೆಗೆ ಕರೆದಿದ್ದು, ಆದ್ರೆ ಈ ಸಲ ಹುಡುಗರ ಸಂಗೀತದ ನಿಯಮಕ್ಕೆ ಅವರು ಹೊಂದ್ಕೋಬೇಕಿತ್ತು.

1958ರ ಅಕ್ಟೋಬರಲ್ಲಿ ನ್ಯೂಯಾರ್ಕ್‌ನಲ್ಲಿ ರಾಕ್ ಅಂಡ್ ರೋಲ್ ಹಾಡುಗಾರ ಬಡಿ ಹಾಲಿ ಸ್ಟ್ರಿಂಗ್ಸ್ ಜೊತೆ ಹಾಡಿದ. ಅರೇಂಜರ್ ಡಿಕ್ ಜೇಕಬ್ಸ್. ಅವತ್ತಿನ ಒಂದು ಹಾಡು ಕೊನೇ ಗಳಿಗೆಲಿ ಕೈಗೆ ಬಂದಿದ್ದರಿಂದ ಪಿಟೀಲುಗಳಿಗೆ ದೊಡ್ಡದಾಗಿ ಬರೆಯೋಕೆ ಟೈಮೇ ಇರ್ಲಿಲ್ಲ, ಕಮಾನು ಬಿಟ್ಟು ಬೆರಳಲ್ಲಿ ಮೀಟೋ ಹಾಗೆ ಬರೆದುಬಿಟ್ರು, ಆ ಟಿಣ್ ಟಿಣ್ ಶಬ್ದವೇ ಹಾಡಿನ ಗುರುತಾಯ್ತು. ಕೆಲವೇ ತಿಂಗಳಲ್ಲಿ, 1959ರ ಫೆಬ್ರವರಿ 3ಕ್ಕೆ ಹಾಲಿ ವಿಮಾನ ಅಪಘಾತದಲ್ಲಿ ಹೋದ, ಆ ದಾರೀಲಿ ಅವನು ಇನ್ನೆಷ್ಟು ದೂರ ಹೋಗ್ತಿದ್ನೋ. ಅದೇ ವರ್ಷ ಡ್ರಿಫ್ಟರ್ಸ್ ಅನ್ನೋ ಕಪ್ಪು ಹಾಡುಗಾರರ ತಂಡದ 'ದೇರ್ ಗೋಸ್ ಮೈ ಬೇಬಿ' ಬಂತು. ಲೀಬರ್ ಮತ್ತೆ ಸ್ಟಾಲರ್ ಅನ್ನೋ ಜೋಡಿ ಮಾಡ್ಸಿದ್ದು, ಸ್ಟ್ರಿಂಗ್ಸ್ ಬರೆದಿದ್ದು ಸ್ಟ್ಯಾನ್ ಆಪಲ್‌ಬಾಮ್. ಸ್ಟುಡಿಯೋದಲ್ಲಿ ಯಾರೋ ಬಿಟ್ಟು ಹೋಗಿದ್ದ ಟಿಂಪನಿ ಅನ್ನೋ ದೊಡ್ಡ ನಗಾರಿ ಕಂಡಿದೆ, ಅದನ್ನೂ ಬಾರಿಸೋಕೆ ಹೇಳಿದಾರೆ, ಆದ್ರೆ ಕಾರ್ಡ್ ಬದಲಾದ ಹಾಗೆ ಅದರ ಶ್ರುತಿ ಬದಲಾಯಿಸೋಕೆ ಬಾರಿಸೋರಿಗೆ ಬರ್ತಿರ್ಲಿಲ್ಲ, ಹಾಡಿಡೀ ಒಂದೇ ಸ್ವರ ಗುಡುಗುತ್ತೆ. ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್ ಅವರಿಗೆ ಇದು ಎಳ್ಳಷ್ಟೂ ಹಿಡಿಸ್ಲಿಲ್ಲ, ಬಿಡುಗಡೆನೇ ಬೇಡ ಅನ್ನೋ ಮಟ್ಟಕ್ಕೆ ಹೋಗಿತ್ತು. ಬಿಟ್ಟಾಗ ಅಮೆರಿಕದ ಪಾಪ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯ್ತು. ಅಲ್ಲಿಂದ ಬಾಗಿಲು ತೆರೀತು ಅಂತ ಹೇಳ್ಬಹುದು.

ಆ ಬಾಗಿಲಲ್ಲಿ ಮೊದಲು ನುಗ್ಗಿದ್ದು ರೆಕಾರ್ಡ್ ಪ್ರೊಡ್ಯೂಸರ್ ಫಿಲ್ ಸ್ಪೆಕ್ಟರ್. ಲಾಸ್ ಏಂಜಲೀಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೋ, ಅಷ್ಟೇನೂ ದೊಡ್ಡದಲ್ಲದ ರೂಮು, ಅದರೊಳಗೆ ಎರಡು ಮೂರು ಪಿಯಾನೊ, ಹಲವಾರು ಗಿಟಾರ್, ಒಂದಕ್ಕಿಂತ ಹೆಚ್ಚು ಬೇಸ್, ಹಾರ್ನ್‌ಗಳು, ಎಲ್ಲರೂ ಒಟ್ಟಿಗೆ, ಬಹಳ ಸಲ ಒಂದೇ ಸ್ವರಗಳನ್ನ ನುಡಿಸ್ತಿದ್ರು. ಒಬ್ಬರ ಶಬ್ದ ಇನ್ನೊಬ್ಬರ ಮೈಕಿಗೆ ಸೋರುತ್ತೆ, ಅದನ್ನ ತಡೆಯೋ ಬದಲು ಬೇಕಂತಲೇ ಬಿಟ್ರು, ಆಮೇಲೆ ಅದನ್ನೆಲ್ಲ ಎಕೋ ಚೇಂಬರ್ ಅನ್ನೋ ಖಾಲಿ ಸಿಮೆಂಟ್ ಕೋಣೆಗೆ ಸ್ಪೀಕರ್‌ನಲ್ಲಿ ಕಳಿಸಿ, ಅಲ್ಲಿ ಗೋಡೆಗೆ ಬಡಿದು ಬಂದ ಶಬ್ದವನ್ನ ಮೈಕಲ್ಲಿ ಹಿಡಿದು ಮೂಲದ ಜೊತೆ ಬೆರೆಸಿ ಮೊನೊದಲ್ಲಿ, ಅಂದ್ರೆ ಎಡ ಬಲ ಅಂತ ಬೇರೆ ಮಾಡ್ದೆ ಒಂದೇ ಧಾರೆಯಾಗಿ, ಇಳಿಸ್ತಿದ್ರು. ಹೀಗೆ ಮಾಡಿದಾಗ ಇದು ಗಿಟಾರ್, ಇದು ಪಿಯಾನೊ ಅಂತ ಬಿಡಿಸಿ ಹೇಳೋಕಾಗದ ಒಂದೇ ದೊಡ್ಡ ಶಬ್ದ ಆಗುತ್ತೆ, ಅದಕ್ಕೇ ವಾಲ್ ಆಫ್ ಸೌಂಡ್ ಅಂದಿದ್ದು. 1963ರ 'ಬಿ ಮೈ ಬೇಬಿ' ಕೇಳಿದ್ರೆ ಗೊತ್ತಾಗುತ್ತೆ. ಹೆಸರು ಮಾತ್ರ ಸ್ಪೆಕ್ಟರ್‌ಗೆ ಹೋಯ್ತು, ಹಾಳೆ ಮೇಲೆ ಬರೆದವರು ಬಹುಪಾಲು ಜ್ಯಾಕ್ ನಿಟ್ಷೆ. ಸ್ಪೆಕ್ಟರ್ ಮುಂದೆ ಕೊಲೆ ಕೇಸಲ್ಲಿ 2009ರಲ್ಲಿ ಶಿಕ್ಷೆಯಾಗಿ, ಸೆರೆಯಲ್ಲಿರುವಾಗಲೇ 2021ರಲ್ಲಿ ಸತ್ತ, ಅವನ ಬಗ್ಗೆ ಹೇಳುವಾಗ ಅದನ್ನ ಮುಚ್ಚಿಡೋದು ಸರಿಯಲ್ಲ.

ಸ್ಪೆಕ್ಟರ್‌ನ ಆ ಹಾಡನ್ನ ಹುಚ್ಚು ಹಿಡಿದ ಹಾಗೆ ಕೇಳಿದ ಹುಡುಗ ಒಬ್ಬ ಇದ್ದ, ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್. ಅವನ ಬಲಗಿವಿ ಹೆಚ್ಚುಕಡಿಮೆ ಕೇಳ್ತಾನೇ ಇರ್ಲಿಲ್ಲ, ಸ್ಟೀರಿಯೊ ಅನ್ನೋದು ಅವನಿಗೆ ಉಪಯೋಗಕ್ಕೇ ಬರ್ತಿರ್ಲಿಲ್ಲ. ಅಂಥವನು 23ನೇ ವಯಸ್ಸಿಗೆ 'ಪೆಟ್ ಸೌಂಡ್ಸ್' ಮಾಡಿದ, ಬಂದಿದ್ದು 1966ರ ಮೇ ತಿಂಗಳಲ್ಲಿ. ಬ್ಯಾಂಡಿನ ಉಳಿದವರು ಟೂರ್ ಹೋಗಿದ್ದಾಗ ಸ್ಪೆಕ್ಟರ್ ಬಳಸ್ತಿದ್ದ ಅದೇ ಸೆಷನ್ ವಾದಕರನ್ನ (ಕೂಲಿಗೆ ಸ್ಟುಡಿಯೋಗೆ ಬಂದು ನುಡಿಸೋರು) ಕೂರಿಸ್ಕೊಂಡು ಒಬ್ಬೊಬ್ಬರಿಗೂ ಅವರವರ ಭಾಗವನ್ನ ಹಾಡಿ ತೋರಿಸ್ತಾ, ಬೇಡ ಇದು ಹೀಗಿರ್ಲಿ ಅಂತ ಅಲ್ಲೇ ತಿದ್ದುತ್ತಾ ಹೋದ. 'ಗಾಡ್ ಓನ್ಲಿ ನೋಸ್' ಹಾಡಲ್ಲಿ ಫ್ರೆಂಚ್ ಹಾರ್ನ್ ಇದೆ, ಅಕಾರ್ಡಿಯನ್ ಇದೆ, ಪಿಯಾನೊ ಥರದ ಹಳೇ ವಾದ್ಯ ಹಾರ್ಪ್ಸಿಕಾರ್ಡ್ ಇದೆ, ಗೆಜ್ಜೆ ಥರದ ಸ್ಲೇ ಬೆಲ್ ಇದೆ, ಸ್ಟ್ರಿಂಗ್ಸ್ ಇದೆ, ಇಷ್ಟೆಲ್ಲ ಇದ್ರೂ ಕಿವಿಗೆ ಭಾರ ಆಗಲ್ಲ. ಯಾಕೆ ಅಂದ್ರೆ ಸ್ಪೆಕ್ಟರ್ ಎಲ್ಲವನ್ನೂ ಕಲಸಿ ಒಂದು ಮಾಡ್ತಿದ್ದ, ವಿಲ್ಸನ್ ಎರಡು ಮೂರು ವಾದ್ಯ ಬೆರೆಸಿ ಹೆಸರೇ ಇಲ್ದಿರೋ ಹೊಸದೊಂದು ಬಣ್ಣ ತರ್ತಿದ್ದ, ಹಾರ್ಪ್ಸಿಕಾರ್ಡ್ ಜೊತೆ ಪಿಯಾನೊ ಒಂದೇ ಸಾಲು ನುಡಿಸಿದಾಗ ಬರೋದು ಎರಡೂ ಅಲ್ಲದ ಮೂರನೇ ವಾದ್ಯ. ಅಮೆರಿಕದಲ್ಲಿ ಆ ಆಲ್ಬಮ್ ಹತ್ತನೇ ಸ್ಥಾನಕ್ಕೇ ನಿಂತ್ಕೊಂಡ್ತು, ಇಂಗ್ಲೆಂಡಲ್ಲಿ ಎರಡಕ್ಕೆ ಏರ್ತು. ಮುಂದಿನ ಆಲ್ಬಮ್ 'ಸ್ಮೈಲ್', ಸಾಹಿತ್ಯ ವ್ಯಾನ್ ಡೈಕ್ ಪಾರ್ಕ್ಸ್ ಅವರದ್ದು, 1967ರಲ್ಲಿ ಅರ್ಧಕ್ಕೇ ನಿಂತುಹೋಯ್ತು. ಈ ಪಾರ್ಕ್ಸ್ ಹೆಸರು ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಇಂಗ್ಲೆಂಡಲ್ಲಿ ಬೀಟಲ್ಸ್ ಇದನ್ನ ಕೇಳ್ತಾನೇ ಇದ್ರು. 1965ರ 'ಯೆಸ್ಟರ್‌ಡೇ' ಹಾಡಿಗೆ ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕೇ ಸ್ಟ್ರಿಂಗ್ಸ್ ವಾದಕರ ಗುಂಪು) ಹಾಕೋಣ ಅಂತ ಮಾರ್ಟಿನ್ ಅಂದಾಗ ಮ್ಯಾಕ್‌ಕಾರ್ಟ್ನಿಗೆ ಹೆದರಿಕೆ, ಹೋಟೆಲ್ ಲಾಬಿ ಸಂಗೀತ ಆಗಿಬಿಟ್ರೆ ಅಂತ, ಅದಕ್ಕೇ ಸ್ವರ ಅಲ್ಲಾಡಿಸ್ಬೇಡಿ, ನೇರ ಎಳೀರಿ ಅಂತ ಕೇಳ್ಕೊಂಡಿದ್ದು. 'ಎಲೆನಾರ್ ರಿಗ್ಬಿ'ಯಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ಜೆಫ್ ಎಮೆರಿಕ್ ಮೈಕುಗಳನ್ನ ತಂತಿಗೆ ತಾಗೋ ಹಾಗೆ ಹತ್ತಿರ ಇಟ್ರು. ಶಾಸ್ತ್ರೀಯ ಸಂಗೀತದವರಿಗೆ ಇದು ಅಭ್ಯಾಸ ಇಲ್ಲ, ಅವರ ಲೆಕ್ಕದಲ್ಲಿ ಮೈಕ್ ದೂರ ಇರ್ಬೇಕು, ಹಾಲ್‌ನ ಗಾಳಿಯೂ ಸೇರಿ ಬರ್ಬೇಕು, ಅದಕ್ಕೆ ಕುರ್ಚಿ ಹಿಂದೆ ಹಿಂದೆ ಸರಿಸ್ಕೊಂಡು ಹೋಗ್ತಿದ್ರಂತೆ. ಹತ್ತಿರ ಇಟ್ಟಿದ್ದಕ್ಕೇ ಆ ಕಮಾನು ತಂತಿ ಮೇಲೆ ಕಚ್ಚೋ ಒರಟು ಶಬ್ದ ಬಂತು. ಅಂದ್ರೆ ಇಲ್ಲಿ ಅರೇಂಜರ್ ಜೊತೆಗೆ ಎಂಜಿನಿಯರೂ ಸಂಗೀತ ಬರೀತಿದಾನೆ ಅಂತ ಆಯ್ತು.

ಮುಂದಿನ ವರ್ಷ, 1967ರ ಫೆಬ್ರವರಿ 10ಕ್ಕೆ, ಆಬಿ ರೋಡ್‌ನ ದೊಡ್ಡ ಸ್ಟುಡಿಯೋದಲ್ಲಿ 40 ಜನರ ಆರ್ಕೆಸ್ಟ್ರಾ ಕೂತಿತ್ತು, 'ಎ ಡೇ ಇನ್ ದ ಲೈಫ್' ಹಾಡಿಗೆ. ಹಾಡಿನ ನಡುವೆ 24 ಬಾರ್ (ತಾಳದ ಸುತ್ತು) ಖಾಲಿ ಬಿಟ್ಟಿದ್ರು, ಅದನ್ನ ತುಂಬಿಸ್ಬೇಕು. ಮಾರ್ಟಿನ್ ಕೊಟ್ಟ ಸೂಚನೆ ಏನಂದ್ರೆ, ನಿಮ್ಮ ವಾದ್ಯದ ಅತ್ಯಂತ ಕೆಳಗಿನ ಸ್ವರದಿಂದ ಮೆತ್ತಗೆ ಶುರು ಮಾಡಿ, ಕೊನೇಲಿ ಜೋರಾಗಿ ಮೇಲಿನ ಸ್ವರಕ್ಕೆ ತಲುಪಿ, ಮಧ್ಯದಲ್ಲಿ ಹೇಗೆ ಏರ್ತೀರಿ ಅನ್ನೋದು ನಿಮಗೆ ಬಿಟ್ಟಿದ್ದು, ಪಕ್ಕದವರನ್ನ ಮಾತ್ರ ಕೇಳ್ಬೇಡಿ. ಜೀವನವಿಡೀ ಪಕ್ಕದವರನ್ನ ಕೇಳ್ಕೊಂಡೇ ನುಡಿಸೋದನ್ನ ಕಲಿತವರಿಗೆ ಕೊಟ್ಟ ಸೂಚನೆ ಇದು! ಹಲವು ಸಲ ರೆಕಾರ್ಡ್ ಮಾಡಿ ಒಂದರ ಮೇಲೊಂದು ಪೇರಿಸಿದ್ರು. ಇವತ್ತಿಗೂ ಆ ಏರಿಕೆ ಕೇಳಿದ್ರೆ ಎದೆಯೊಳಗೆ ಏನೋ ಆಗುತ್ತೆ.

1966ರಿಂದ 69ರ ಒಳಗೆ ಆ ಕಡೆ ಈ ಕಡೆ ಎರಡೂ ದೇಶದಲ್ಲಿ ಇದು ಮಳೆಗಾಲದ ಹಸಿರಾಗಿಬಿಡ್ತು. ನ್ಯೂಯಾರ್ಕ್‌ನ ಲೆಫ್ಟ್ ಬ್ಯಾಂಕ್ ತಂಡದ 'ವಾಕ್ ಅವೇ ರೆನೇ', ಬರೆದ ಮೈಕಲ್ ಬ್ರೌನ್ ಇನ್ನೂ ಹದಿಹರೆಯದ ಹುಡುಗ, ಅವನ ಅಪ್ಪ ಹ್ಯಾರಿ ಲುಕಾಫ್ಸ್ಕಿ ಹೆಸರುವಾಸಿ ಸೆಷನ್ ಪಿಟೀಲು ವಾದಕ, ಮನೇಲೇ ಸ್ಟ್ರಿಂಗ್ಸ್ ಇತ್ತು ಅನ್ನಿ. ಹಾರ್ಪ್ಸಿಕಾರ್ಡ್ ಮತ್ತೆ ಇಂಥ ಹಳೇ ಐರೋಪ್ಯ ವಾದ್ಯಗಳ ಕಾರಣಕ್ಕೆ ಈ ಕವಲಿಗೆ ಬರೋಕ್ ಪಾಪ್ ಅನ್ನೋ ಹೆಸರು ಬಂತು. ಹಾಡುಗಾರ ಸ್ಕಾಟ್ ವಾಕರ್ ಆಲ್ಬಮ್‌ಗಳಿಗೆ ವಾಲಿ ಸ್ಟಾಟ್ ಬರೆದ ಸ್ಟ್ರಿಂಗ್ಸ್ ಕೇಳಿದ್ರೆ ಹಾಡಿನ ಹಿಂದೆ ಮೋಡ ಕವಿದ ಹಾಗಿರುತ್ತೆ, ಈ ಸ್ಟಾಟ್ ಅವರೇ ಮುಂದೆ ಆಂಜೆಲಾ ಮಾರ್ಲಿ ಅನ್ನೋ ಹೆಸರಲ್ಲಿ ಹೆಣ್ಣಾಗಿ ಬದುಕಿದ್ರು, ಸಿನಿಮಾ ಸಂಗೀತದಲ್ಲೂ ದೊಡ್ಡ ಕೆಲಸ ಮಾಡಿದ್ರು.

ಆರ್ಕೆಸ್ಟ್ರಾಗೆ ದುಡ್ಡಿಲ್ಲದವರಿಗೆ ಮೆಲ್ಲೊಟ್ರಾನ್ ಸಿಕ್ತು. ಬರ್ಮಿಂಗ್‌ಹ್ಯಾಮಲ್ಲಿ 1963ರಿಂದ ತಯಾರಾದ ಕೀಬೋರ್ಡ್ ಇದು, ಒಂದೊಂದು ಮಣೆ ಕೆಳಗೂ ಒಂದೊಂದು ಟೇಪಿನ ತುಂಡು, ಅದ್ರಲ್ಲಿ ನಿಜವಾದ ಪಿಟೀಲು ಅಥವಾ ಕೊಳಲಿನ ಒಂದು ಸ್ವರ ರೆಕಾರ್ಡ್ ಆಗಿರುತ್ತೆ, ಒತ್ತಿದ್ರೆ ಟೇಪ್ ಓಡುತ್ತೆ, ಸುಮಾರು ಎಂಟು ಸೆಕೆಂಡಿಗೆ ಟೇಪ್ ಮುಗಿದು ಶಬ್ದ ನಿಂತುಬಿಡುತ್ತೆ, ಬೆರಳೆತ್ತಿ ಮತ್ತೆ ಒತ್ತಬೇಕು. 'ಸ್ಟ್ರಾಬೆರಿ ಫೀಲ್ಡ್ಸ್' ಶುರುವಿನಲ್ಲಿ ಕೇಳೋ ಕೊಳಲು ಅದೇ. ಜಾಂಬೀಸ್ ತಂಡ 'ಒಡೆಸ್ಸಿ ಅಂಡ್ ಒರಾಕಲ್' ಆಲ್ಬಮನ್ನ ಹೆಚ್ಚಾಗಿ ಆಬಿ ರೋಡಲ್ಲಿ ಮಾಡುವಾಗ ಅಲ್ಲೇ ಇದ್ದ ಮೆಲ್ಲೊಟ್ರಾನ್‌ನಲ್ಲೇ ಆರ್ಕೆಸ್ಟ್ರಾ ಕೆಲಸ ಮುಗಿಸ್ತು. ಆ ಸ್ವಲ್ಪ ನಡುಗೋ, ಶ್ರುತಿ ಅಲ್ಲಾಡೋ ಶಬ್ದಕ್ಕೆ ಅದರದ್ದೇ ಆದ ಚೆಂದ ಇದೆ.

ಈ ಕಾಲದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದ್ದು ನಿಕ್ ಡ್ರೇಕ್‌ನ ಮೊದಲ ಆಲ್ಬಮ್, 1969ರ 'ಫೈವ್ ಲೀವ್ಸ್ ಲೆಫ್ಟ್'. ಕೇಂಬ್ರಿಡ್ಜಲ್ಲಿ ಓದ್ತಿದ್ದ ಹುಡುಗ, ಮೆತ್ತಗಿನ ದನಿ, ಗಿಟಾರ್. ಕಂಪನಿ ಕಡೆಯಿಂದ ಗೊತ್ತುಮಾಡಿದ ಅನುಭವಿ ಅರೇಂಜರ್ ಕೆಲಸ ಅವನಿಗೆ ಒಪ್ಪಿಗೆ ಆಗ್ಲಿಲ್ಲ. ನನ್ನ ಕಾಲೇಜಿನ ಗೆಳೆಯ ಒಬ್ಬ ಇದಾನೆ, ಅವನು ಬರೀತಾನೆ ಅಂದ. ಆ ಗೆಳೆಯ ರಾಬರ್ಟ್ ಕರ್ಬಿ, ಇನ್ನೂ ವಿದ್ಯಾರ್ಥಿ. 'ವೇ ಟು ಬ್ಲೂ' ಹಾಡಲ್ಲಿ ಅವನು ಬರೆದ ಸ್ಟ್ರಿಂಗ್ಸ್ ಬಿಟ್ರೆ ಬೇರೇನೂ ಇಲ್ಲ, ಡ್ರೇಕ್ ತನ್ನ ಗಿಟಾರನ್ನೇ ಕೆಳಗಿಟ್ಟಿದಾನೆ, ಗೆಳೆಯನ ಬರವಣಿಗೆ ಮೇಲೆ ಎಷ್ಟು ನಂಬಿಕೆ ಇದ್ರೆ ಒಬ್ಬ ಗಿಟಾರ್ ವಾದಕ ಹಾಗೆ ಮಾಡ್ತಾನೆ ಯೋಚ್ನೆ ಮಾಡಿ. ಐದು ಮಾತ್ರೆಯ ತಾಳದ 'ರಿವರ್ ಮ್ಯಾನ್' ಮಾತ್ರ ನನ್ನಿಂದ ಆಗಲ್ಲ ಅಂತ ಕರ್ಬಿನೇ ಬಿಟ್ಟುಕೊಟ್ಟ, ಅದನ್ನ ಹ್ಯಾರಿ ರಾಬಿನ್ಸನ್ ಬರೆದ್ರು. ಡ್ರೇಕ್ ಬದುಕಿದ್ದಾಗ ಆ ಆಲ್ಬಮ್ ಕೇಳಿದವರೇ ಕಮ್ಮಿ, 1974ರಲ್ಲಿ 26ನೇ ವಯಸ್ಸಿಗೆ ಹೋಗಿಬಿಟ್ಟ, ಕರ್ಬಿಯೂ ಆಮೇಲೆ ಸಂಗೀತ ಬಿಟ್ಟು ಮಾರ್ಕೆಟಿಂಗ್ ಕೆಲಸಕ್ಕೆ ಹೋದ.

ಬಿಳಿಯರ ರಾಕ್ ಕಥೆ ಹೇಳಿ ಇಲ್ಲಿಗೇ ನಿಲ್ಲಿಸೋರು ಬಹಳ, ಅದು ದೊಡ್ಡ ತಪ್ಪು. ಡೆಟ್ರಾಯಿಟ್‌ನಲ್ಲಿ ಮೋಟೌನ್ ಅನ್ನೋ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಅಲ್ಲಿನ ಸಿಂಫನಿ ಆರ್ಕೆಸ್ಟ್ರಾ ವಾದಕರೇ ಬಂದು ಸ್ಟ್ರಿಂಗ್ಸ್ ನುಡಿಸ್ತಿದ್ರು, ಬರೀತಿದ್ದವರಲ್ಲಿ ಮುಖ್ಯರು ಪಾಲ್ ರೈಸರ್. 1972ರಲ್ಲಿ ಟೆಂಪ್ಟೇಶನ್ಸ್ ಹಾಡಿದ 'ಪಾಪಾ ವಾಸ್ ಎ ರೋಲಿನ್ ಸ್ಟೋನ್' ಆಲ್ಬಮ್ ರೂಪದಲ್ಲಿ ಹಾಡುಗಾರರು ಬಾಯಿ ತೆರೆಯೋಕೇ ನಾಲ್ಕು ನಿಮಿಷದ ಹತ್ತಿರ ಆಗುತ್ತೆ, ಅಲ್ಲಿ ತನಕ ಬೇಸು, ಪಿಟೀಲು, ಟ್ರಂಪೆಟ್ ಮಾತಾಡ್ತಾ ಇರುತ್ತೆ. ಫಿಲಡೆಲ್ಫಿಯಾದಲ್ಲಿ ಸಿಗ್ಮಾ ಸೌಂಡ್ ಸ್ಟುಡಿಯೋ, ಥಾಮ್ ಬೆಲ್ ಅರೇಂಜ್‌ಮೆಂಟ್‌ಗಳು, ಅಲ್ಲಿಂದ ನೇರವಾಗಿ ಡಿಸ್ಕೋಗೆ ದಾರಿ. ಡಿಸ್ಕೋ ಹಾಡಿನ ಪಿಟೀಲುಗಳನ್ನ ಹಗುರವಾಗಿ ನೋಡೋರು ಒಮ್ಮೆ ಹೆಡ್‌ಫೋನ್ ಹಾಕ್ಕೊಂಡು ಬರೀ ಸ್ಟ್ರಿಂಗ್ಸ್ ಹಿಂಬಾಲಿಸ್ಲಿ.

ಹಾಗಾದ್ರೆ ಹೋಗಿದ್ದು ಯಾಕೆ? ದುಡ್ಡು ಒಂದು ಕಾರಣ. ಮೂವತ್ತು ಜನಕ್ಕೆ ಯೂನಿಯನ್ ದರದ ಕೂಲಿ, ದೊಡ್ಡ ಸ್ಟುಡಿಯೋ ಬಾಡಿಗೆ, ಬರೆಯೋರಿಗೆ, ಪ್ರತಿ ತೆಗೆಯೋರಿಗೆ ಬೇರೆ. 1976-77ಕ್ಕೆ ಪಂಕ್ ಅನ್ನೋ ಒರಟು ರಾಕ್ ಬಂದು ಮೂರು ಕಾರ್ಡ್ ಸಾಕು ಅಂದಾಗ ಆರ್ಕೆಸ್ಟ್ರಾ ಅಂದ್ರೆ ಸಿರಿವಂತರ ಜಂಭ ಅನ್ನೋ ಭಾವನೆ ಬಂತು. ಇಷ್ಟೇ ಆಗಿದ್ರೆ ಮತ್ತೆ ಬರ್ತಿತ್ತೇನೋ, ನಿಜವಾದ ಪೆಟ್ಟು ಕೊಟ್ಟಿದ್ದು ಯಂತ್ರ. 1974ರಲ್ಲಿ ಸೊಲಿನಾ ಸ್ಟ್ರಿಂಗ್ ಕೀಬೋರ್ಡ್ ಬಂತು, ಒಂದು ಕೈಯಲ್ಲಿ ಪಿಟೀಲು ಗುಂಪಿನ ಮಬ್ಬು ನೆರಳು ಸಿಕ್ತು. 1979ರಲ್ಲಿ ಸಿಡ್ನಿಯ ಫೇರ್‌ಲೈಟ್ ಕಂಪ್ಯೂಟರ್ ವಾದ್ಯ ಬಂತು, ನಿಜವಾದ ಶಬ್ದವನ್ನ ಒಳಗೆ ಹಿಡಿದಿಟ್ಟು ಕೀಬೋರ್ಡಲ್ಲಿ ನುಡಿಸ್ಬಹುದು. ಅದರ ಜೊತೆ ಬಂದ ಸ್ಯಾಂಪಲ್‌ಗಳಲ್ಲಿ, ಅಂದ್ರೆ ಹೀಗೆ ಹಿಡಿದಿಟ್ಟ ಶಬ್ದದ ತುಣುಕುಗಳಲ್ಲಿ, ಒಂದು ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಢಮ್ ಅಂತ ಹೊಡೆಯೋ ಶಬ್ದ, ಸ್ಟ್ರಾವಿನ್ಸ್ಕಿಯ 'ಫೈರ್‌ಬರ್ಡ್' ರೆಕಾರ್ಡಿಂಗಿಂದ ಕಿತ್ತಿದ್ದು. 1982ರ 'ಪ್ಲಾನೆಟ್ ರಾಕ್' ಹಾಡಿಂದ ಶುರುವಾಗಿ ಎಂಬತ್ತರ ದಶಕದ ಹಾಡುಗಳ ತುಂಬ ಅದೇ ಢಮ್. 1910ರಲ್ಲಿ ಮೊದಲ ಸಲ ನುಡಿಸಿದ ಬ್ಯಾಲೆ ಸಂಗೀತದ ಒಂದು ಕ್ಷಣ ಹಿಪ್ ಹಾಪ್‌ನ ಮೂಲಧಾತು ಆಯ್ತು, ಇದನ್ನ ನಾನು ನಷ್ಟ ಅಂತ ಹೇಳಲ್ಲ, ಅದು ಕೂಡ ಒಂದು ಹುಟ್ಟೇ. ಆದ್ರೆ ವಾದಕರು ಮನೆಗೆ ಹೋದ್ರು, ಅರೇಂಜರ್‌ಗಳಿಗೆ ಕೆಲಸ ಕಮ್ಮಿ ಆಯ್ತು. ಅಂಥ ಕಾಲದಲ್ಲೂ ಅದೇ 1982ರಲ್ಲಿ ಎಬಿಸಿ ತಂಡದ 'ದ ಲೆಕ್ಸಿಕನ್ ಆಫ್ ಲವ್' ಆಲ್ಬಮ್‌ಗೆ ಆನ್ ಡಡ್ಲಿ ನಿಜವಾದ ಸ್ಟ್ರಿಂಗ್ಸ್ ಬರೆದಿದ್ದನ್ನ ಮರೀಬಾರ್ದು.

ಇಲ್ಲಿ ನಮ್ಮ ಕಡೆ ಒಂದು ಮಾತು. ಅಲ್ಲಿ ಪಿಟೀಲುಗಳು ಖಾಲಿ ಆಗ್ತಿದ್ದಾಗ ಮದ್ರಾಸಿನ ಸ್ಟುಡಿಯೋಗಳು ತುಂಬಿದ್ವು. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ, ಗಿಟಾರ್ ವಾದಕರಾಗಿ ಕನ್ನಡ ಸಿನಿಮಾಗಳಿಗೆ ದುಡಿದು ಬೆಳೆದ ಇಳಯರಾಜ ತಮ್ಮ ಸ್ಟ್ರಿಂಗ್ಸ್ ಭಾಗಗಳನ್ನ ತಾವೇ ಕೂತು ನೊಟೇಶನ್ ಬರೀತಿದ್ರು, 1981ರ ಶಂಕರ್‌ನಾಗ್ ಸಿನಿಮಾ 'ಗೀತಾ' ಹಾಡುಗಳಲ್ಲಿ ಪಿಟೀಲುಗಳು ಏನೇನ್ ಮಾಡ್ತವೆ ಅಂತ ಮತ್ತೆ ಕೇಳಿ. ಹಾಗಾಗಿ ಕನ್ನಡದ ಕೇಳುಗರಿಗೆ ಈ ಸಂಗೀತ ಪರಕೀಯ ಅಲ್ಲವೇ ಅಲ್ಲ, ಹೆಸರು ಹಿಡಿದು ಕರೀತಿರ್ಲಿಲ್ಲ ಅಷ್ಟೇ. ಮುಂಬೈಯಲ್ಲೂ ಶಂಕರ್ ಜೈಕಿಶನ್ ಹಾಡುಗಳ ಹಿಂದೆ ಗೋವಾದ ಸೆಬಾಸ್ಟಿಯನ್ ಡಿಸೋಜಾ ಇದ್ರು, ಕೇಳಿದವರೆಷ್ಟು ಜನಕ್ಕೆ ಆ ಹೆಸರು ಗೊತ್ತಿತ್ತು?

ತೊಂಬತ್ತರ ದಶಕದಲ್ಲಿ ತಿರುವು ಬಂತು, ಅದೂ ಡ್ಯಾನ್ಸ್ ಸಂಗೀತದ ಕಡೆಯಿಂದ. ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ 1991ರಲ್ಲಿ 'ಅನ್‌ಫಿನಿಶ್ಡ್ ಸಿಂಪಥಿ' ಮಾಡುವಾಗ ಮೊದಲು ಕೀಬೋರ್ಡ್ ಸ್ಟ್ರಿಂಗ್ಸ್ ಇತ್ತು, ಸಾಲದು ಅನ್ನಿಸಿ ವಿಲ್ ಮೆಲೋನ್ ಹತ್ರ ಬರೆಸಿ ಆಬಿ ರೋಡಲ್ಲಿ ನಿಜವಾದ ವಾದಕರನ್ನ ಕೂರಿಸಿದ್ರು, ಬಜೆಟ್ ಮೀರಿ ಕಾರ್ ಮಾರ್ಬೇಕಾಯ್ತು ಅಂತ ಹೇಳ್ತಾರೆ. ಕೆಳಗೆ ಸ್ಯಾಂಪಲ್‌ಗಳ ಬೀಟ್, ಮೇಲೆ ಉಸಿರಾಡೋ ಪಿಟೀಲುಗಳು, ಈ ಎರಡು ಕೂಡಬಹುದು ಅಂತ ತೋರಿಸಿದ್ದು ದೊಡ್ಡದು. 1997ರಲ್ಲಿ ಹಾಡುಗಾರ್ತಿ ಬ್ಯೋರ್ಕ್ ಐಸ್‌ಲ್ಯಾಂಡಿನ ಎಂಟು ಸ್ಟ್ರಿಂಗ್ಸ್ ವಾದಕರನ್ನ ಇಟ್ಕೊಂಡು 'ಹೊಮೊಜೆನಿಕ್' ಮಾಡಿದಾಗ ಅದೇ ದಾರಿ ಇನ್ನೂ ಮುಂದಕ್ಕೆ ಹೋಯ್ತು.

ಅದೇ ವರ್ಷ ವರ್ವ್ ತಂಡದ 'ಬಿಟರ್ ಸ್ವೀಟ್ ಸಿಂಫನಿ' ಬಂತು, ನನ್ನ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಆ ಹಾಡನ್ನ ಶುರು ಮಾಡಿ ಕೊನೇವರೆಗೂ ಎಳ್ಕೊಂಡು ಹೋಗೋ ಸ್ಟ್ರಿಂಗ್ಸ್ ಸಾಲು ಅರವತ್ತರ ದಶಕದ ಒಂದು ರೆಕಾರ್ಡಿಂದ ತೆಗೆದ ಸ್ಯಾಂಪಲ್‌ನಿಂದ ಬಂದಿದ್ದು. ರೋಲಿಂಗ್ ಸ್ಟೋನ್ಸ್ ಮ್ಯಾನೇಜರ್ ಆಂಡ್ರ್ಯೂ ಓಲ್ಡಮ್ ಆ ತಂಡದ ಹಾಡುಗಳನ್ನ ಆರ್ಕೆಸ್ಟ್ರಾದಲ್ಲಿ ಮಾಡಿಸಿದ್ದ ರೆಕಾರ್ಡ್ ಅದು. ಹಕ್ಕಿನ ಜಗಳ ಆಯ್ತು, ಹಾಡಿನ ಕರ್ತೃತ್ವ, ದುಡ್ಡು ಎಲ್ಲ ಸ್ಟೋನ್ಸ್ ತಂಡದ ಜ್ಯಾಗರ್ ಮತ್ತೆ ರಿಚರ್ಡ್ಸ್ ಹೆಸರಿಗೆ ಹೋಯ್ತು, ಸಾಹಿತ್ಯ ಬರೆದು ಹಾಡಿದ ರಿಚರ್ಡ್ ಆಶ್‌ಕ್ರಾಫ್ಟ್‌ಗೆ ಅದು ವಾಪಸ್ ಸಿಕ್ಕಿದ್ದು 2019ರಲ್ಲಿ. ಎಲ್ಲರೂ ಆ ನ್ಯಾಯದ ಬಗ್ಗೆ ಸಂತೋಷಪಟ್ರು, ನಾನೂ ಪಟ್ಟೆ. ಆದ್ರೆ ರೋಲಿಂಗ್ ಸ್ಟೋನ್ಸ್‌ನ ಮೂಲ ಹಾಡಲ್ಲಿ ಆ ಪಿಟೀಲಿನ ಸಾಲು ಇಲ್ಲವೇ ಇಲ್ಲ! ಅದನ್ನ ಬರೆದಿದ್ದು ಅರೇಂಜರ್ ಡೇವಿಡ್ ವಿಟಕರ್. ಇಷ್ಟು ವರ್ಷ ನಡೆದ ಜಗಳದಲ್ಲಿ ಕರ್ತೃ ಅಂತ ಎಲ್ಲೂ ಅವರ ಹೆಸರಿಲ್ಲ, 2012ರಲ್ಲಿ ಅವರು ತೀರಿಕೊಂಡ್ರು. ಕಾಪಿರೈಟ್ ವ್ಯವಸ್ಥೆ ರಾಗ ಮತ್ತೆ ಸಾಹಿತ್ಯ ಬರೆದವರನ್ನೇ ಕರ್ತೃ ಅಂತ ನೋಡೋದು, ಅರೇಂಜರ್‌ಗೆ ಸಾಮಾನ್ಯವಾಗಿ ಒಂದು ಸಲದ ಸಂಭಾವನೆ, ಮುಗೀತು. ಇದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

2000ದ ನಂತರ ಅರೇಂಜರ್‌ಗಳು ಸ್ವಲ್ಪ ಮುಂದೆ ಬಂದ್ರು. ಮಾಂಟ್ರಿಯಲ್‌ನ ಆರ್ಕೇಡ್ ಫೈರ್ 2004ರಲ್ಲಿ 'ಫ್ಯೂನರಲ್' ಮಾಡಿದಾಗ ಸ್ಟ್ರಿಂಗ್ಸ್ ಕೆಲಸದಲ್ಲಿದ್ದ ಓವನ್ ಪ್ಯಾಲೆಟ್ ಸ್ವತಃ ಹಾಡುಗಾರ, ಪಿಟೀಲು ವಾದಕ, ಜನ ಅವರ ಹೆಸರು ನೋಡಿ ಆಲ್ಬಮ್ ಕೇಳೋ ಹಾಗಾಯ್ತು. ಅದೇ ವರ್ಷ ಬ್ರಯಾನ್ ವಿಲ್ಸನ್ 37 ವರ್ಷದ ಹಿಂದೆ ಕೈಬಿಟ್ಟಿದ್ದ 'ಸ್ಮೈಲ್' ಅನ್ನ ಮುಗಿಸಿ ಲಂಡನ್ ವೇದಿಕೆ ಮೇಲೆ ಹಾಡಿದ, ಆಮೇಲೆ ಆಲ್ಬಮ್ಮೂ ಬಂತು. ಇನ್ನೆರಡು ವರ್ಷಕ್ಕೆ, 2006ರಲ್ಲಿ, ಹಾರ್ಪ್ ನುಡಿಸ್ಕೊಂಡು ಹಾಡೋ ಜೊಆನಾ ನ್ಯೂಸಮ್ ತನ್ನ 'ಈಸ್' ಆಲ್ಬಮ್‌ಗೆ ಯಾರನ್ನ ಕರೆದಳು ಗೊತ್ತಾ, ಆಗ ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಅದೇ ವ್ಯಾನ್ ಡೈಕ್ ಪಾರ್ಕ್ಸ್ ಅವರನ್ನ. ಐದೇ ಹಾಡು, 55 ನಿಮಿಷ. ಮೊದಲು ಹಾರ್ಪ್ ಮತ್ತೆ ದನಿ ಪೂರ್ತಿ ರೆಕಾರ್ಡ್ ಆಯ್ತು, ಆಮೇಲೆ ಪಾರ್ಕ್ಸ್ ಅವಳ ಒಂದೊಂದು ಪದಕ್ಕೆ, ಒಂದೊಂದು ಉಸಿರಿಗೆ ಹೊಂದೋ ಹಾಗೆ ಆರ್ಕೆಸ್ಟ್ರಾ ಬರೆದ್ರು. ತಾಳ ಯಂತ್ರದ ಹಾಗೆ ಒಂದೇ ಸಮ ಇಲ್ಲ, ಅವಳು ನಿಧಾನ ಆದಾಗ ಅಷ್ಟೂ ಕಮಾನು ನಿಧಾನ ಆಗ್ಬೇಕು, ಎಷ್ಟು ಕಷ್ಟದ ಕೆಲಸ ಅದು.

ಈಗಿನ ಅಲೆ ಇದಕ್ಕಿಂತ ದೊಡ್ಡದು, ಇದರ ಹಿಂದೆ ಹಳೇದರ ಮೇಲಿನ ಪ್ರೀತಿ ಇದೆ ನಿಜ, ಆದ್ರೆ ಬರೀ ಪ್ರೀತಿಯಿಂದ ಮೂವತ್ತು ಜನಕ್ಕೆ ಸಂಬಳ ಕೊಡೋಕಾಗಲ್ಲ. ಆಗಿರೋದು ಏನಂದ್ರೆ ಯಾವ ಯಂತ್ರ ವಾದಕರನ್ನ ಮನೆಗೆ ಕಳಿಸ್ತೋ ಅದೇ ಯಂತ್ರ ಅವರನ್ನ ವಾಪಸ್ ಕರೀತಿದೆ. ಇವತ್ತು ಲ್ಯಾಪ್‌ಟಾಪಲ್ಲಿ ಸಿಗೋ ಸ್ಯಾಂಪಲ್ ಲೈಬ್ರರಿಗಳಲ್ಲಿ ಪಿಟೀಲಿನ ಒಂದೊಂದು ಸ್ವರಾನೂ ಮೆತ್ತಗೆ, ಜೋರಾಗಿ, ಉದ್ದಕ್ಕೆ, ಗಿಡ್ಡಕ್ಕೆ, ಮೀಟಿ, ಹೀಗೆ ಹತ್ತಾರು ಥರ ರೆಕಾರ್ಡ್ ಮಾಡಿಟ್ಟಿರ್ತಾರೆ, 2020ರಲ್ಲಿ ಸ್ಪಿಟ್‌ಫೈರ್ ಆಡಿಯೋ ಕಂಪನಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದ ಸ್ವರಗಳ ಚಿಕ್ಕ ಆವೃತ್ತಿಯನ್ನ ಫ್ರೀಯಾಗಿ ಸಿಗೋ ಹಾಗೆ ಮಾಡ್ತು. ಹಿಂದೆ ಆರ್ಕೆಸ್ಟ್ರಾಗೆ ಬರೆಯೋದು ಕಲಿಯೋಕೆ ಕಾಲೇಜಿಗೆ ಹೋಗ್ಬೇಕಿತ್ತು, ಬರೆದಿದ್ದು ಹೇಗೆ ಕೇಳುತ್ತೆ ಅಂತ ತಿಳಿಯೋಕೆ ವಾದಕರು ಬೇಕಿತ್ತು. ಈಗ ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಕೂತಿರೋ ಹುಡುಗಿ ಕೂಡ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಬರೆದು ಅಲ್ಲೇ ಕೇಳಿ ತಿದ್ಕೋಬಹುದು. ಹೀಗೆ ಬರೆಯೋರು ಜಾಸ್ತಿ ಆದ್ರು, ಬರೆದವರಿಗೆ ಬೇಗನೇ ಒಂದು ಕೊರತೆ ಗೊತ್ತಾಯ್ತು, ಲೈಬ್ರರಿಯಲ್ಲಿ ಸ್ವರ ಇದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗೋ ನಡಿಗೆ ಅಷ್ಟು ಸಹಜವಾಗಿ ಬರಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಹತ್ತು ಜನ ಒಂದೇ ಸ್ವರ ನುಡಿಸಿದ್ರೂ ಹತ್ತೂ ಒಂದೇ ಅಲ್ಲ, ಒಬ್ಬರ ಶ್ರುತಿ ಕೂದಲೆಳೆ ಮೇಲೆ, ಇನ್ನೊಬ್ಬರದ್ದು ಕೆಳಗೆ, ಒಬ್ಬರು ಒಂದು ಚೂರು ಮುಂಚೆ ಕಮಾನು ಇಡ್ತಾರೆ, ಸ್ವರ ಅಲ್ಲಾಡಿಸೋ ವೇಗ ಒಬ್ಬೊಬ್ಬರದ್ದು ಒಂದೊಂದು. ಈ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿದಾಗ ಕಿವಿಗೆ ದಪ್ಪವಾಗಿ, ಜೀವಂತವಾಗಿ ಕೇಳುತ್ತೆ. ಅದಕ್ಕಿಂತ ಮುಖ್ಯ, ಹತ್ತೂ ಜನ ಹಾಡುಗಾರ್ತಿಯನ್ನ ಕೇಳ್ತಾ ಒಟ್ಟಿಗೆ ಸ್ವಲ್ಪ ಏರ್ತಾರೆ, ಸ್ವಲ್ಪ ಇಳೀತಾರೆ. ಕಂಪ್ಯೂಟರಲ್ಲಿ ಇದನ್ನೆಲ್ಲ ಕೈಯಲ್ಲಿ ಒಂದೊಂದಾಗಿ ತಿದ್ದಬಹುದು, ದಿನಗಟ್ಟಲೆ ಹಿಡಿಯುತ್ತೆ, ಆದ್ರೂ ಪೂರ್ತಿ ಬರಲ್ಲ. ಅದಕ್ಕೇ ಬಜೆಟ್ ಇಲ್ಲದವರು ಕೂಡ ಸ್ಯಾಂಪಲ್ ಮೇಲೆ ಒಂದಿಬ್ಬರು ನಿಜವಾದ ವಾದಕರನ್ನ ನುಡಿಸಿ ಸೇರಿಸ್ತಾರೆ, ಒಂದೇ ಒಂದು ನಿಜವಾದ ಪಿಟೀಲು ಬಂದ ಕೂಡಲೇ ಹಿಂದಿನ ಕೃತಕ ಗುಂಪಿಗೂ ಉಸಿರು ಬರುತ್ತೆ.

ಬಜೆಟ್ ಸ್ವಲ್ಪ ಇರೋರಿಗೆ ಬುಡಾಪೆಸ್ಟ್ ಇದೆ, ಉತ್ತರ ಮ್ಯಾಸಿಡೋನಿಯಾದ ಸ್ಕೋಪಿಯೆ ಇದೆ. ಒಳ್ಳೆ ತರಬೇತಿ ಇರೋ ವಾದಕರು, ಲಂಡನ್‌ಗಿಂತ ಎಷ್ಟೋ ಕಮ್ಮಿ ದರ, ನೀವು ನೊಟೇಶನ್ ಕಳಿಸಿ ಇಂಟರ್‌ನೆಟ್ ಮೂಲಕ ಕೂತಲ್ಲಿಂದಲೇ ಕೇಳ್ತಾ, ಎರಡನೇ ಪಿಟೀಲು ಸ್ವಲ್ಪ ಮೆತ್ತಗೆ ಅಂತ ಹೇಳಿ ಗಂಟೆ ಲೆಕ್ಕದಲ್ಲಿ ರೆಕಾರ್ಡ್ ಮಾಡ್ಸ್ಕೋಬಹುದು. ಇಳಯರಾಜ ತಮ್ಮ 'ತಿರುವಾಸಗಂ' ಕೃತಿಯನ್ನ ಬುಡಾಪೆಸ್ಟ್ ಆರ್ಕೆಸ್ಟ್ರಾ ಜೊತೆ ಮಾಡಿದ್ದು 2005ರಷ್ಟು ಹಿಂದೇನೇ, ಈಗಂತೂ ನಮ್ಮ ಸಿನಿಮಾಗಳ ಹಿನ್ನೆಲೆ ಸಂಗೀತಕ್ಕೂ ಆ ಕಡೆ ಹೋಗೋದು ಸಾಮಾನ್ಯ. ಇದು ಕಮ್ಮಿಗೆ ಸಿಗೋಕೆ ಒಂದು ಕಾರಣ ಅಲ್ಲಿನ ಸಂಬಳ ಕಮ್ಮಿ ಇರೋದು, ಇನ್ನೊಂದು, ಒಂದು ಸಲ ದುಡ್ಡು ಕೊಟ್ರೆ ಮುಂದೆ ರಾಯಧನದ ಹಂಗಿಲ್ಲದಿರೋದು. ಹಾಡು ಕೋಟಿ ಜನ ಕೇಳಿದ್ರೂ ನುಡಿಸಿದವರಿಗೆ ಅವತ್ತಿನ ಕೂಲಿ ಅಷ್ಟೇ. ಪುನರುಜ್ಜೀವನ ಅಂತ ಸಂಭ್ರಮ ಪಡುವಾಗ ಈ ಲೆಕ್ಕವನ್ನೂ ಹೇಳ್ಬೇಕು.

ಹೊಸ ಪೀಳಿಗೆಗೆ ಶಾಸ್ತ್ರೀಯ ಬೇರೆ ಪಾಪ್ ಬೇರೆ ಅನ್ನೋ ಗೋಡೆನೂ ಅಷ್ಟಾಗಿ ಇಲ್ಲ. ಐಸ್‌ಲ್ಯಾಂಡಿನ ಲೌಫೇ ಚೆಲ್ಲೊ ವಾದಕಿ, ಅವಳ ಅಮ್ಮ ಅಲ್ಲಿನ ಸಿಂಫನಿ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸೋರು, 2023ರ 'ಬಿವಿಚ್ಡ್' ಆಲ್ಬಮ್‌ಗೆ ಗ್ರ್ಯಾಮಿ ಬಂತು, ಅವಳ ಕಛೇರಿಗೆ ಬರೋರು ಹೆಚ್ಚಾಗಿ ಕಾಲೇಜು ವಯಸ್ಸಿನವರು. ಅದೇ 2023ರ ಸೆಪ್ಟೆಂಬರಲ್ಲಿ ಲಂಡನ್‌ನ ರೇ ತನ್ನ ಹಾಡುಗಳನ್ನ ರಾಯಲ್ ಆಲ್ಬರ್ಟ್ ಹಾಲಲ್ಲಿ ಹೆರಿಟೇಜ್ ಆರ್ಕೆಸ್ಟ್ರಾ ಮತ್ತೆ ಗಾಯನವೃಂದದ ಜೊತೆ ಹಾಡಿದಳು, ದೊಡ್ಡ ಕಂಪನಿಯಿಂದ ಹೊರಗೆ ಬಂದು ಸ್ವತಂತ್ರವಾಗಿ ನಿಂತ ಹಾಡುಗಾರ್ತಿ ಇಷ್ಟು ದೊಡ್ಡ ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದು ಸಣ್ಣ ಮಾತಲ್ಲ. ಆರ್ಕೆಸ್ಟ್ರಾಗಳಿಗೂ ಇದು ಬೇಕು, ಅವರ ಹಾಲ್‌ಗೆ ಬರೋ ಕೇಳುಗರಿಗೆ ವಯಸ್ಸಾಗ್ತಿದೆ.

2025ರ ನವೆಂಬರಲ್ಲಿ ಬಂದ ರೊಸಾಲಿಯಾಳ 'ಲುಕ್ಸ್' ಈ ಅಲೆಯ ಈವರೆಗಿನ ಅತಿ ದೊಡ್ಡ ಕೆಲಸ ಅಂತ ನಾನಂತೂ ಹೇಳ್ತೀನಿ. ಸ್ಪೇನಿನ ಹಾಡುಗಾರ್ತಿ, ಹಿಂದಿನ ಆಲ್ಬಮಲ್ಲಿ ಕ್ಲಬ್ಬಿನ ಬೀಟ್, ರೆಗೆಟೋನ್, ಇದ್ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ, ಹತ್ತಕ್ಕೂ ಹೆಚ್ಚು ಭಾಷೆ. 'ಬರ್ಗೈನ್' ಹಾಡು ಶುರುವಾಗೋ ರೀತಿ ಕೇಳಿ, ಪಿಟೀಲುಗಳು ಹಳೇ ಐರೋಪ್ಯ ಸಂಗೀತಗಾರ ವಿವಾಲ್ಡಿ ಕಾಲದ ವೇಗದಲ್ಲಿ ಓಡ್ಕೊಂಡು ಬರ್ತವೆ, ಮೇಲೆ ಗಾಯನವೃಂದ ಅಪ್ಪಳಿಸುತ್ತೆ, ಅದನ್ನ ತೆಗೆದ್ರೆ ಹಾಡಲ್ಲಿ ಉಳಿಯೋದು ಏನೂ ಇಲ್ಲ. ಆ ಆಲ್ಬಮಿನ ಅರೇಂಜ್‌ಮೆಂಟ್ ಕೆಲಸದಲ್ಲಿ ಇದ್ದವರಲ್ಲಿ ಕ್ಯಾರೊಲಿನ್ ಶಾ ಒಬ್ರು, 2013ರಲ್ಲಿ ಸಂಗೀತಕ್ಕೆ ಪುಲಿಟ್ಜರ್ ಪ್ರಶಸ್ತಿ ಪಡೆದವರು. ಮ್ಯೂಸಿಕ್ ಆ್ಯಪಲ್ಲಿ ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿ ಕ್ರೆಡಿಟ್ಸ್ ತೆಗೆದ್ರೆ ಹಲವು ಹಾಡುಗಳಿಗೆ ಈ ಹೆಸರುಗಳು ಸಿಗ್ತವೆ, ಅಲ್ಲಿಂದ ಅದೇ ಅರೇಂಜರ್ ಬರೆದ ಬೇರೆ ಹಾಡುಗಳಿಗೆ ಹೋಗಬಹುದು. ಶುರು ಮಾಡೋರು ಕರ್ಬಿಯಿಂದ ಶುರು ಮಾಡಿ.